ಬೆಚ್ಚನೆ ನೀರು ತುಂಬಿದ ಕೂಸು

ಬಕೆಟ್ಟಿನಿಂದ ಉಗುರುಬೆಚ್ಚನೆ ನೀರು ತುಂಬಿ, ನರ್ಸ್‌ಗಳಿಗೆ ಕಲಿಸಲು ಬಂದಿದ್ದ ಮೆಂಟರ್ ತರಬೇತಿಯ ಕೂಸು-ಗೊಂಬೆಯನ್ನು ನನ್ನ ಅಂಗೈಗಿಟ್ಟರು. ಕತ್ತು ಜೋತುಬಿತ್ತು. ನನಗರಿವಿಲ್ಲದೆ ಇನ್ನೊಂದು ಕೈ ಅದರ ತಲೆಯಡಿ ಹೋಯಿತು. ಹೊಕ್ಕುಳಬಳ್ಳಿ ಹಿಡಿದರೆ ನಾಡಿ! ಮೆಂಟರ್ ರಬ್ಬರ್ ಬುಗ್ಗೆ ಅಮುಕುವುದನ್ನು ಬಿಟ್ಟಾಗ ಅದೂ ನಿಂತಿತು.

ಕೊಪ್ಪಳ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಹೆರಿಗೆ ಕೋಣೆ ಅದು. ‘ಕೂಸು ಅಳವಲ್ದು ಸಿಸ್ಟರ್, ಏನ್ಮಾಡ್ತೀರಿ?’ ಮೆಂಟರ್ ಕೇಳಿದರು. ಸಿಸ್ಟರ್ ಒರೆಸಿದರು, ಬೆನ್ನು ತಿಕ್ಕಿದರು, ಉಸಿರೂದುವ ಆಂಬು ಬ್ಯಾಗ್ ಒತ್ತಿದರು. ಎದೆ ಏಳಲಿಲ್ಲ, ಮಾಸ್ಕಿನ ಸಂದಿಯಲ್ಲಿ ಗಾಳಿ ಸೋರುತ್ತಿತ್ತು. ಮೆಂಟರ್ ಬೈಯಲಿಲ್ಲ. ಸಿಸ್ಟರ್ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಗೊಂಬೆಯ ಗದ್ದ ತುಸು ಎತ್ತಿಸಿದರು. ಎದೆ ಎದ್ದಿತು. ಹುಟ್ಟಿದ ಮೊದಲ ನಿಮಿಷದೊಳಗೆ ಆಗಬೇಕಾದ ಕೆಲಸವಿದು. ಎಷ್ಟು ಸ್ಲೈಡ್ ತೋರಿಸಿದರೂ ಆ ಸೋರಿಕೆ ಕೈಗೆ ತಿಳಿಯುವುದಿಲ್ಲ.

ಈ ಗೊಂಬೆ ನಾರ್ವೆಯ ಲೇರ್ಡಾಲ್ ಕಂಪನಿಯದು. 1940ರಲ್ಲಿ ಶುರುವಾದಾಗ ಅವರು ಮಾಡುತ್ತಿದ್ದದ್ದು ಮಕ್ಕಳ ಪುಸ್ತಕ, ಮರದ ಆಟಿಕೆ. ಆಮೇಲೆ ಮೆತ್ತನೆ ಪ್ಲಾಸ್ಟಿಕ್ ಗೊಂಬೆಗೆ ಕೈಹಾಕಿದರು. 1960ರಲ್ಲಿ ಉಸಿರೂದುವುದನ್ನು ಕಲಿಸುವ ‘ಆ್ಯನ್’ ಬಂದಳು. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕಳೆನ್ನುವ ಅನಾಮಿಕ ಹುಡುಗಿಯ ಮುಖವಾಡವೇ ಅವಳ ಮುಖಕ್ಕೆ ಮಾದರಿ. ಆ ವಂಶದ ಕೂಸು ಕೊಪ್ಪಳದ ನೀರು ಕುಡಿದು ಮಲಗಿದ್ದನ್ನು ನೋಡುತ್ತಾ ನಾನು ಮೈಮರೆತಿದ್ದೆ.

ಬೆಳಗಾವಿಯಲ್ಲಿ 599 ಹೆರಿಗೆ ಸಿಬ್ಬಂದಿಗೆ ಕೂಸಿಗೆ ಉಸಿರೂದುವ ಇದೇ ವಿದ್ಯೆ ಕಲಿಸಿದ ಮೇಲೆ ಹುಟ್ಟುವಾಗಲೇ ಸತ್ತವೆಂದು ದಾಖಲಾಗುವ ಕೂಸುಗಳ ಪ್ರಮಾಣ ಶೇ 3ರಿಂದ 2.3ಕ್ಕೆ ಇಳಿಯಿತು. ಹುಟ್ಟಿದ ಮೇಲಿನ ಸಾವುಗಳು ಮಾತ್ರ ಇಳಿಯಲಿಲ್ಲ, ಅದನ್ನೂ ಹೇಳಬೇಕು. ಉತ್ತರ ಕರ್ನಾಟಕದ 8 ಜಿಲ್ಲೆಗಳ ‘ಸುಕ್ಷೇಮ’ ಯೋಜನೆ ಮೆಂಟರ್‌ಗಳನ್ನು ಆರೋಗ್ಯ ಕೇಂದ್ರಗಳಿಗೇ ಕಳಿಸಿತು. ಬಳ್ಳಾರಿ, ಕಲಬುರಗಿಯ 108 ಕೇಂದ್ರಗಳಲ್ಲಿ ಅರ್ಧಕ್ಕೆ ಮೆಂಟರ್ ಕೊಟ್ಟು, ಅರ್ಧಕ್ಕೆ ಕೊಡದೆ ಹೋಲಿಸಿದಾಗ, ಮೆಂಟರ್ ಬಂದ ಕಡೆ ನರ್ಸ್‌ಗಳ ತಿಳಿವಳಿಕೆಯೂ ಕೇಂದ್ರದ ಸಿದ್ಧತೆಯೂ ಮೇಲಾಗಿದ್ದವು.

ನೋಂದಣಿ ನವೀಕರಣಕ್ಕೆ 5 ವರ್ಷಕ್ಕೆ 150 ಗಂಟೆಯ ಕಲಿಕೆ ಬೇಕೆನ್ನುತ್ತದೆ ನರ್ಸಿಂಗ್ ಕೌನ್ಸಿಲ್. ಎಸಿ ಹಾಲ್‌ನಲ್ಲಿ ಕೂತು ಸರ್ಟಿಫಿಕೇಟ್ ತಂದ ಗಂಟೆಯೂ ಅದರಲ್ಲಿ ಗಂಟೆಯೇ. ನನಗದು ಒಪ್ಪಿಗೆಯಿಲ್ಲ. ಕಲಿಸಲು ಹೊರಗಿನವರು ಬರಲಿ, ಆದರೆ ಹೆರಿಗೆ ಟೇಬಲ್ಲಿನ ಪಕ್ಕಕ್ಕೆ ಬಂದು ನಿಲ್ಲಲಿ. ಅಲ್ಲಿಯ ಕೆಟ್ಟ ಬಲ್ಬು, ಸಿಗದ ಮಾಸ್ಕು ಅವರ ಕಣ್ಣಿಗೂ ಬೀಳಲಿ.

ಸಂಜೆ ಮೆಂಟರ್ ಗೊಂಬೆಯ ನೀರು ಚೆಲ್ಲಲು ಎತ್ತಿಕೊಂಡಾಗ ಸಿಸ್ಟರ್ ತಡೆದರು: ‘ಇಲ್ಲೇ ಇರ್ಲಿ ಬಿಡ್ರಿ ಮೇಡಂ. ನೈಟ್ ಡ್ಯೂಟಿಯಾಕಿ ಬರ್ತಾಳ, ಆಕಿಗೂ ಮಾಡಿಸ್ತೀನಿ.’