ಹಳೇ ರೆಕಾರ್ಡ್ ಪ್ಲೇಯರ್ ಮಾರುವ ಮುನ್ನ

ಸೋದರಿಯರೇ, ನಿಮ್ಮ ಮನೆಯ ಅಟ್ಟದ ಮೇಲೂ ಹಳೇ ರೇಡಿಯೋ, ಟೇಪ್ ರೆಕಾರ್ಡರ್ ಧೂಳು ಹಿಡಿದು ಕೂತಿರಬಹುದು. ಗುಜರಿಗೆ ಹಾಕಬೇಡಿ. ಇಂಥವನ್ನು ಹುಡುಕಿ ಕೊಳ್ಳುವವರು ಇಂಟರ್‌ನೆಟ್‌ನಲ್ಲಿ ಸಿಗುತ್ತಾರೆ.

ಬಬ್ಬೂರಿನ ನಮ್ಮ ಮನೆಯಲ್ಲಿ, ಮಾವನವರು ಶೇಂಗಾ ಮಾರಿದ ದುಡ್ಡಿನಲ್ಲಿ ತಂದಿದ್ದ ರೆಕಾರ್ಡ್ ಪ್ಲೇಯರ್ ಇತ್ತು. ಮಗಳ ಫೀಸಿಗೆಂದು ಮಾರಲು ಫೋಟೋ ಹಾಕಿದೆವು. ಅರ್ಧ ಗಂಟೆಯಲ್ಲೇ ಒಬ್ಬ ಫೋನ್ ಮಾಡಿ, ಚೌಕಾಸಿಯೂ ಇಲ್ಲದೆ ಒಪ್ಪಿಬಿಟ್ಟ. "ಕ್ಯೂಆರ್ ಕೋಡ್ ಕಳಿಸಿದೀನಿ ಅಕ್ಕಾ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ" ಅಂದ. ಒತ್ತಿದೆ. ಬರುವುದಿರಲಿ, ನನ್ನ ಎರಡು ಸಾವಿರವೇ ಹೋಯಿತು! ಮನೆಯಲ್ಲಿ ಹೇಳಲು ನಾಚಿಕೆಪಟ್ಟು ಮೂರು ದಿನ ಸುಮ್ಮನಿದ್ದೆ. ಹಣ ವಾಪಸಾಗಲಿಲ್ಲ.

ನೆನಪಿಡಿ: ಯುಪಿಐ ಪಿನ್ ಒತ್ತುವುದು ಹಣ ಕೊಡಲು, ಪಡೆಯಲು ಅಲ್ಲ. ಮೋಸವಾದರೆ ನಾಚದೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಆಮೇಲೆ ಸಿಕ್ಕ ಮೈಸೂರಿನವರು ವಿಡಿಯೋ ಕರೆಯಲ್ಲಿ ಹಾಡು ಹಾಕಿಸಿ ಕೇಳಿದರು. ಕಿರುಗುಟ್ಟುವುದನ್ನು ನಾನೂ ಮುಚ್ಚಿಡಲಿಲ್ಲ. ಪೂರ್ತಿ ಹಣ ಬಂದ ಮೇಲೆಯೇ ಕಳಿಸಿದೆ.

ಕಟ್ಟುವ ಕ್ರಮ: ತಿರುಗುವ ತಟ್ಟೆ ಬಿಚ್ಚಲು ಬಂದರೆ ಬಿಚ್ಚಿ ಬೇರೆ ಸುತ್ತಿ. ಮುಳ್ಳಿಗೆ ಮುಚ್ಚಳ ಹಾಕಿ, ಮುಳ್ಳಿರುವ ಕೈಯನ್ನು ಮೆತ್ತನೆ ದಾರದಿಂದ ಕಟ್ಟಿ. ಒಂದು ಪೆಟ್ಟಿಗೆಯನ್ನು ಇನ್ನೊಂದರೊಳಗಿಟ್ಟು ನಡುವೆ ಥರ್ಮಕೋಲ್ ತುಂಬಿ. ಅಲ್ಲಾಡಿಸಿದರೆ ಸದ್ದಾಗಬಾರದು. ಅಂಚೆ ಕಚೇರಿಯಲ್ಲಿ ವಿಮೆ ಮಾಡಿಸಿ, ರಸೀದಿ ಜೋಪಾನ ಮಾಡಿ.

ಟೇಪ್ ರೆಕಾರ್ಡರ್ ಮಾರುವವರು ಒಳಗಿನ ಕ್ಯಾಸೆಟ್ ಒಮ್ಮೆ ಕೇಳಿಬಿಡಿ. ಅಜ್ಜಿ ಹಾಡಿದ ಸೋಬಾನೆ ಪದ ಅದರಲ್ಲಿದ್ದರೆ, ಎಷ್ಟು ದುಡ್ಡು ಕೊಟ್ಟರೂ ಮತ್ತೆ ಸಿಗದು.