ವಿದೇಶದ ಕಾನೂನು ಪದವಿ: ಹೊಲ ಒತ್ತೆ ಇಡುವ ಮುನ್ನ ತಿಳಿದಿರಲಿ

ಪರೀಕ್ಷೆಯ ಫಲಿತಾಂಶಗಳು ಬಂದ ದಿನಗಳಲ್ಲಿ ಜುಮಾ ನಮಾಜ್ ಮುಗಿಸಿ ಹೊರಬರುವಾಗ ನಮಗೆ ಎದುರಾಗುವ ಪ್ರಶ್ನೆಗಳಲ್ಲಿ ಹೆಚ್ಚಿನವು ಮಕ್ಕಳ ಮುಂದಿನ ಓದಿನವೇ. ಈಚೆಗೆ ಸಿಂಧನೂರಿನ ತಂದೆಯೊಬ್ಬರು ತಮ್ಮ ಮಗಳ ವಿಷಯ ತಂದರು. ಮಗಳು ಬಿ.ಎ. ಮುಗಿಸಿದ್ದಾಳೆ, ವಕೀಲೆಯಾಗಬೇಕೆಂಬುದು ಅವಳ ಆಸೆ. ಲಂಡನ್ನಿನಲ್ಲಿ ಒಂದು ವರ್ಷದ ಎಲ್‌ಎಲ್‌ಎಂ ಓದಿ ಬಂದರೆ ಸಾಕು, ಇಲ್ಲಿನ ಕೋರ್ಟಿನಲ್ಲಿ ವಕೀಲಿ ಮಾಡಬಹುದು ಎಂದು ಮಧ್ಯವರ್ತಿಯೊಬ್ಬರು ಅವರಿಗೆ ಹೇಳಿದ್ದರು. ಕಾಲುವೆ ನೀರು ಹರಿಯುವ ಎರಡು ಎಕರೆ ಗದ್ದೆಯನ್ನು ಒತ್ತೆ ಇಡಲು ಮನೆಯವರು ತಯಾರಾಗಿದ್ದರು.

ಮಧ್ಯವರ್ತಿಯ ಆ ಮಾತು ತಪ್ಪು. ಏಕೆ ತಪ್ಪು, ಸರಿಯಾದ ದಾರಿ ಯಾವುದು ಎಂಬುದನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಎಲ್ಲ ಮನೆಗಳಿಗೂ ಉಪಯೋಗವಾಗಲೆಂದು ಇಲ್ಲಿ ವಿವರಿಸುತ್ತಿದ್ದೇವೆ.

ಪದವಿ ಬೇರೆ, ಸನ್ನದು ಬೇರೆ

ನಮ್ಮ ದೇಶದಲ್ಲಿ ಕೋರ್ಟಿನಲ್ಲಿ ವಾದಿಸುವ ಹಕ್ಕು 1961ರ ವಕೀಲರ ಕಾಯ್ದೆಯಿಂದ ಬರುತ್ತದೆ. ಅದಕ್ಕೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು, ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ ಎಲ್‌ಎಲ್‌ಬಿ ಪದವಿ. ಪಿಯುಸಿ ನಂತರವಾದರೆ 5 ವರ್ಷ, ಬೇರೆ ಪದವಿಯ ನಂತರವಾದರೆ 3 ವರ್ಷ. ಎರಡನೆಯದು, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಮೂರನೆಯದು, ಅಖಿಲ ಭಾರತ ಮಟ್ಟದ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆ. ನೋಂದಣಿ ಶುಲ್ಕ ಸಾಮಾನ್ಯ ವರ್ಗದವರಿಗೆ 750 ರೂಪಾಯಿ ಮೀರಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ನೀಡಿದೆ.

ಎಲ್‌ಎಲ್‌ಎಂ ಎಂಬುದು ಎಲ್‌ಎಲ್‌ಬಿಯ ಮೇಲಿನ ಓದು. ಎಲ್‌ಎಲ್‌ಬಿ ಇಲ್ಲದೆ ಎಲ್ಲಿಯ ಎಲ್‌ಎಲ್‌ಎಂ ತಂದರೂ ಇಲ್ಲಿ ಸನ್ನದು ಸಿಗುವುದಿಲ್ಲ. ವಿದೇಶದಲ್ಲಿ ಎಲ್‌ಎಲ್‌ಬಿಯನ್ನೇ ಓದಿದವರೂ ನೇರವಾಗಿ ಕರಿಕೋಟು ತೊಡುವಂತಿಲ್ಲ. ಆ ಪದವಿಗೆ ನಮ್ಮ ಪರಿಷತ್ತಿನ ಮಾನ್ಯತೆ ಇರಬೇಕು, ಪರಿಷತ್ತು ನಡೆಸುವ ಪ್ರತ್ಯೇಕ ಅರ್ಹತಾ ಪರೀಕ್ಷೆಯನ್ನೂ ಪಾಸಾಗಬೇಕು. ಅಂಚೆ ಮೂಲಕ ಓದಿದ ಎಲ್‌ಎಲ್‌ಬಿಗೂ ಸನ್ನದು ಇಲ್ಲ.

ಹಾಗಾದರೆ ವಿದೇಶದ ಎಲ್‌ಎಲ್‌ಎಂ ಯಾರಿಗೆ?

ಅಮೆರಿಕ ಮತ್ತು ಬ್ರಿಟನ್ನಿನ ಒಂದು ವರ್ಷದ ಎಲ್‌ಎಲ್‌ಎಂ ಮುಖ್ಯವಾಗಿ ತಮ್ಮ ದೇಶದಲ್ಲಿ ಆಗಲೇ ಕಾನೂನು ಓದಿದವರಿಗಾಗಿ ಇದೆ. ಅಂತರರಾಷ್ಟ್ರೀಯ ವ್ಯಾಪಾರ, ತೆರಿಗೆ, ಮಾನವ ಹಕ್ಕುಗಳಂಥ ಒಂದು ವಿಷಯದಲ್ಲಿ ಆಳವಾದ ತಿಳಿವಳಿಕೆ ಅದರಿಂದ ಸಿಗುತ್ತದೆ. ಆದರೆ ಅದು ಆ ದೇಶದ ಸನ್ನದೂ ಅಲ್ಲ. ನ್ಯೂಯಾರ್ಕಿನಲ್ಲಿ ವಕೀಲಿ ಮಾಡಲು ಅಲ್ಲಿನ ಮಂಡಳಿ ನಮ್ಮ ಪದವಿಯನ್ನು ಪರಿಶೀಲಿಸಿ ಒಪ್ಪಬೇಕು, ಆಮೇಲೆ ಅಲ್ಲಿನ ಪರೀಕ್ಷೆ ಬರೆಯಬೇಕು. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗುವವರಿಗೆ 2021ರಿಂದ ಹೊಸ ಅರ್ಹತಾ ಪರೀಕ್ಷೆ ಜಾರಿಯಲ್ಲಿದೆ.

ನಮ್ಮ ಅನೇಕ ಮನೆಗಳ ನಂಟು ಗಲ್ಫ್ ದೇಶಗಳ ಜೊತೆಗಿದೆ. ಅಲ್ಲಿನ ಸಾಮಾನ್ಯ ನ್ಯಾಯಾಲಯಗಳ ಭಾಷೆ ಅರಬಿ, ವಾದಿಸುವ ಅವಕಾಶ ಬಹುಮಟ್ಟಿಗೆ ಅಲ್ಲಿನ ಪ್ರಜೆಗಳಿಗೆ. ನಮ್ಮವರಿಗೆ ಸಿಗುವುದು ಕಂಪನಿಗಳಲ್ಲಿ ಕರಾರುಪತ್ರ ನೋಡುವ, ಕಾನೂನು ಸಲಹೆ ನೀಡುವ ಕೆಲಸ. ಅದಕ್ಕೂ ಊರಿನಲ್ಲಿ ಕೆಲವು ವರ್ಷದ ಅನುಭವ ಇದ್ದವರಿಗೇ ಬೆಲೆ.

ಊರಿನ ಓದು ಕಡಿಮೆಯೇನಲ್ಲ

ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ದಕ್ಷಿಣ ಕನ್ನಡದವರು. ಮಂಗಳೂರಿನಲ್ಲಿ ಕಾನೂನು ಓದಿ, 1983ರಲ್ಲಿ ವಕೀಲರಾಗಿ ನೋಂದಾಯಿಸಿ, 2017ರಲ್ಲಿ ಸುಪ್ರೀಂ ಕೋರ್ಟ್ ತಲುಪಿದರು. ಕೇರಳದ ಫಾತಿಮಾ ಬೀವಿಯವರು ತಿರುವನಂತಪುರದಲ್ಲಿ ಓದಿ 1950ರಲ್ಲಿ ವಕೀಲಿ ಆರಂಭಿಸಿದರು. 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಇಬ್ಬರ ದಾರಿಯೂ ಊರ ಹತ್ತಿರದ ಕಾಲೇಜಿನಿಂದಲೇ ಶುರುವಾಯಿತು. ಹೆಣ್ಣುಮಕ್ಕಳಿಗೆ ಕೋರ್ಟು ಕಚೇರಿ ಏಕೆ ಎನ್ನುವವರು ಎರಡನೆಯ ಹೆಸರನ್ನು ನೆನಪಿಡಬೇಕು.

ನಮಗೆ ರಾಯಚೂರು, ಕಲಬುರಗಿಗಳಲ್ಲಿ ಕಾನೂನು ಕಾಲೇಜುಗಳಿವೆ. 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಪದವಿ ನೀಡುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗುವ ಆಸೆಯಿದ್ದರೆ ಪಿಯುಸಿ ಓದುವಾಗಲೇ ಕ್ಲ್ಯಾಟ್ ಪರೀಕ್ಷೆಗೆ ತಯಾರಿ ಬೇಕು. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯಡಿ ಓದಿನಲ್ಲೂ ಸರ್ಕಾರಿ ನೌಕರಿಯಲ್ಲೂ ಮೀಸಲಾತಿ ಇದೆ. ಅದರ ಪ್ರಮಾಣಪತ್ರವನ್ನು ಕೊನೆಯ ವಾರದವರೆಗೆ ಬಿಡದೆ ಮೊದಲೇ ಮಾಡಿಸಿಡಿ.

ಓದಿದ ಮೇಲೆ ಏನು?

ಮೊದಲ ಎರಡು ಮೂರು ವರ್ಷ ಹಿರಿಯ ವಕೀಲರ ಕೈಕೆಳಗೆ ಕಲಿಯುವ ಕಾಲ. ಆಗ ಬರುವ ಹಣ ಬಸ್ ಚಾರ್ಜಿಗೆ ಸಾಲದೆಯೂ ಹೋಗಬಹುದು. ಈ ಕಾಲವನ್ನು ತಾಳಿಕೊಳ್ಳುವ ಲೆಕ್ಕವನ್ನು ಮನೆಯವರು ಮೊದಲೇ ಹಾಕಬೇಕು. ಆಮೇಲೆ ಕೆಲಸಕ್ಕೆ ಬರವಿಲ್ಲ. ಜಮೀನಿನ ಪಾಲು, ಪಹಣಿ ತಿದ್ದುಪಡಿ, ಚೆಕ್ ಬೌನ್ಸ್, ಅಪಘಾತ ಪರಿಹಾರ, ಜೀವನಾಂಶ, ವಕ್ಫ್ ಆಸ್ತಿ: ನಮ್ಮ ತಾಲೂಕುಗಳ ಜನ ದಿನವೂ ಇವಕ್ಕಾಗಿ ವಕೀಲರನ್ನು ಹುಡುಕುತ್ತಾರೆ. ಹೈಕೋರ್ಟಿನ ಪೀಠವೂ ಕಲಬುರಗಿಯಲ್ಲೇ ಇದೆ.

ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ 3 ವರ್ಷದ ವಕೀಲಿ ಅನುಭವ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಆದ್ದರಿಂದ ಆ ಮೊದಲ ವರ್ಷಗಳು ವ್ಯರ್ಥವಲ್ಲ. ಸರ್ಕಾರಿ ಅಭಿಯೋಜಕರ ಹುದ್ದೆ, ಬ್ಯಾಂಕುಗಳ ಕಾನೂನು ಅಧಿಕಾರಿ ಹುದ್ದೆ, ಕಾನೂನು ಸೇವಾ ಪ್ರಾಧಿಕಾರದ ಕೆಲಸ, ಕಾಲೇಜು ಬೋಧನೆ ಇವೂ ಇವೆ.

ಹಣದ ಮಾತು

ಬಡ್ಡಿಯ ಸಾಲಕ್ಕೆ ಹೆದರುವ ಕುಟುಂಬಗಳು ಮೊದಲು ವಿದ್ಯಾರ್ಥಿವೇತನಗಳನ್ನು ನೋಡಲಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಓದಿನ ಖರ್ಚನ್ನು ಭರಿಸುತ್ತದೆ, ಆದರೆ ಕನಿಷ್ಠ 2 ವರ್ಷದ ಕೆಲಸದ ಅನುಭವ ಕೇಳುತ್ತದೆ. ಹೊಸ ಕಾನೂನು ಪದವೀಧರರಿಗೆ ತರಬೇತಿ ಕಾಲದಲ್ಲಿ ಶಿಷ್ಯವೇತನ ನೀಡುವ ಯೋಜನೆ ನಮ್ಮ ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿದೆ. ನಿಯಮಗಳು ವರ್ಷ ವರ್ಷ ಬದಲಾಗುವುದರಿಂದ ಮಧ್ಯವರ್ತಿಯ ಬಾಯಿಮಾತು ನಂಬದೆ ಇಲಾಖೆಯ ಕಚೇರಿಯಲ್ಲೇ ವಿಚಾರಿಸಿ.

ಸಿಂಧನೂರಿನ ಆ ತಂದೆಗೆ ನಾವು ಹೇಳಿದ್ದು ಇಷ್ಟೇ: ಮಗಳು ಮೊದಲು ಇಲ್ಲೇ 3 ವರ್ಷದ ಎಲ್‌ಎಲ್‌ಬಿ ಓದಲಿ, ಸನ್ನದು ಪಡೆಯಲಿ, ಎರಡು ಮೂರು ವರ್ಷ ಕೋರ್ಟಿನಲ್ಲಿ ಪಳಗಲಿ. ಆಗಲೂ ಲಂಡನ್ ಬೇಕೆನಿಸಿದರೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಅರ್ಹತೆ ಅವಳ ಕೈಯಲ್ಲಿರುತ್ತದೆ, ಗದ್ದೆಯೂ ಮನೆಯವರ ಹೆಸರಿನಲ್ಲೇ ಇರುತ್ತದೆ.

ಹಕ್ಕು ಕಳೆದುಕೊಂಡವನ ಪರವಾಗಿ ನಿಲ್ಲುವುದು ದೊಡ್ಡ ಅಮಾನತ್. ಆ ಹೊಣೆ ಹೊರಲು ಮುಂದಾಗುವ ನಮ್ಮ ಮಕ್ಕಳ ವಿದ್ಯೆಯಲ್ಲಿ ಅಲ್ಲಾಹನು ಬರಕತ್ ನೀಡಲಿ. ಆಮೀನ್.