ಎಳೆಯರಿಗೆ ಶರತ್ಕಾಲದ ಪಾಠ

ದಸರೆಯ ರಜೆ ಮುಗಿದು ಶಾಲೆಗಳು ಮತ್ತೆ ತೆರೆದ ಕೆಲವು ದಿನಗಳ ಮೇಲೆ ಧಾರವಾಡ ಸೀಮೆಯ ಒಂದು ಪ್ರಾಥಮಿಕ ಶಾಲೆಗೆ ಹೋಗುವ ಪ್ರಸಂಗವು ನಮಗೆ ಒದಗಿತು. ಎರಡನೆಯ ಇಯತ್ತೆಯ ಕೋಣೆಯಲ್ಲಿ ಋತುಗಳ ಪಾಠ ನಡೆದಿದ್ದಿತು. ಗೋಡೆಯ ತುಂಬ ಕೆಂಪು, ಹಳದಿ ಕಾಗದದಲ್ಲಿ ಕತ್ತರಿಸಿದ ಎಲೆಗಳು. ಕೆನಡಾ ದೇಶದ ಧ್ವಜದ ಮೇಲೆ ಕಾಣುವ ಮೇಪಲ್ ಮರದ ಎಲೆಗಳವು. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಶರದೃತು: ಎಲೆ ಉದುರುವ ಕಾಲ’ ಎಂದು ಬರೆದಿದ್ದರು. ಮಕ್ಕಳು ಒಕ್ಕೊರಲಿನಿಂದ ಅದನ್ನು ಹೇಳುತ್ತಲಿದ್ದಾಗ ಕಿಟಕಿಯ ಬಳಿಯ ಹುಡುಗನೊಬ್ಬನು ಎದ್ದು ನಿಂತು, “ಟೀಚರ್, ನಮ್ಮ ಬೇವಿನ ಗಿಡದ್ದು ಒಂದೂ ಎಲಿ ಬಿದ್ದಿಲ್ಲಲ್ರೀ?” ಎಂದು ಕೇಳಿದನು. ಅವರು ಒಂದು ಕ್ಷಣ ಹೊರಗೆ ನೋಡಿ, “ಪುಸ್ತಕದಾಗ ಇದ್ದದ್ದು ಬರಿ, ಕೂಡು” ಎಂದರು. ಹುಡುಗನು ಕುಳಿತನು.

ಈ ಶಿಕ್ಷಕಿಯರನ್ನು ದೂಷಿಸುವದು ನಮ್ಮ ಉದ್ದೇಶವಲ್ಲ. ಅಚ್ಚಾದ ಪುಸ್ತಕ, ತೂಗುಹಾಕಿದ ಚಿತ್ರಪಟ, ಮೊಬೈಲಿನಲ್ಲಿ ತೋರಿಸಬಹುದಾದ ಚಲಚ್ಚಿತ್ರ ಎಲ್ಲವೂ ಒಂದೇ ಮಾತನ್ನು ಹೇಳುತ್ತಿರುವಾಗ ಅಂಗಳದ ಬೇವಿನ ಮರದ ಪಕ್ಷವನ್ನು ವಹಿಸಲು ಎಷ್ಟು ಜನರಿಗೆ ಧೈರ್ಯವುಂಟು? ಆದರೆ ಆ ದಿನ ಆ ಹುಡುಗನು ಕಲಿತದ್ದೇನು ಎಂಬುದನ್ನು ನಮ್ಮ ವಾಚಕರು ಯೋಚಿಸಬೇಕು. ಕಣ್ಣಿಗೆ ಕಂಡದ್ದು ಒಂದು, ಪರೀಕ್ಷೆಯಲ್ಲಿ ಬರೆಯತಕ್ಕದ್ದು ಇನ್ನೊಂದು ಎಂಬುದನ್ನು ಅವನು ಏಳನೆಯ ವಯಸ್ಸಿನಲ್ಲಿಯೇ ಕಲಿತನು. ಅದೂ ವಿಜ್ಞಾನದ ತಾಸಿನಲ್ಲಿ!

ವಿಷಯವು ಸರಳವಾದುದು. ಇಂಗ್ಲಂಡ, ಕೆನಡಾ ಮುಂತಾದ ಶೀತ ದೇಶಗಳಲ್ಲಿ ಸೆಪ್ಟೆಂಬರದಿಂದ ಹಗಲು ಬೇಗಬೇಗನೆ ಕುಗ್ಗುವದು. ಲಂಡನ್ನಿನಲ್ಲಿ ಜೂನ್ ತಿಂಗಳ ಅತ್ಯಂತ ದೀರ್ಘವಾದ ಹಗಲು ಸುಮಾರು 16 ತಾಸು 38 ನಿಮಿಷ. ಡಿಸೆಂಬರದ ಅತ್ಯಲ್ಪವಾದ ಹಗಲು 7 ತಾಸು 50 ನಿಮಿಷ. ಬೆಳಕು ಕುಗ್ಗಿ ಚಳಿ ಬರುವ ಈ ಸೂಚನೆಯನ್ನರಿತು ಅಲ್ಲಿಯ ಮರಗಳು ಎಲೆಯೊಳಗಿನ ಸತ್ವವನ್ನು ಹಿಂದಕ್ಕೆಳೆದುಕೊಳ್ಳುವವು. ಹಸಿರು ಬಣ್ಣ ಕೊಡುವ ಪತ್ರಹರಿತ್ತು ಒಡೆದುಹೋಗಿ, ಮೊದಲೇ ಒಳಗಿದ್ದ ಹಳದಿ ಬಣ್ಣವು ಹೊರಬೀಳುವದು. ಕೆಲವು ಮರಗಳಲ್ಲಿ ಕೆಂಪು ಬಣ್ಣವು ಆಗ ಹೊಸದಾಗಿ ಹುಟ್ಟುವದು. ಕೊನೆಗೆ ತೊಟ್ಟಿನ ಬುಡದಲ್ಲಿ ಒಂದು ಸಡಿಲವಾದ ಪದರವೇರ್ಪಟ್ಟು ಎಲೆ ಕಳಚುವದು. ನಮ್ಮ ಧಾರವಾಡದಲ್ಲಿಯೋ, ಅತಿ ದೀರ್ಘ ಹಗಲಿಗೂ ಅತ್ಯಲ್ಪ ಹಗಲಿಗೂ ಎರಡು ತಾಸಿನ ಅಂತರವೂ ಇಲ್ಲ. ಇಲ್ಲಿಯ ಮರಕ್ಕೆ ಚಳಿಯ ಭಯವಿಲ್ಲ. ಅದರ ಭಯವೆಲ್ಲ ನೀರಿನದು. ಆಶ್ವಯುಜ ಕಾರ್ತಿಕಗಳಲ್ಲಿ ಭೂಮಿಯಲ್ಲಿ ಮಳೆಯ ಹಸಿಯು ಇನ್ನೂ ಇರುವದರಿಂದ ಅದು ಎಲೆಯನ್ನು ಬಿಡುವದಿಲ್ಲ. ಹಸಿಯು ಇಳಿದ ಮೇಲೆ, ಬೇವು ಅರಳಿಗಳು ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ಹಳೆಯ ಎಲೆಗಳನ್ನು ಚೆಲ್ಲಿ ಹೊಸತನ್ನು ತಳೆಯುವವು. ಬೇವಿನ ಹೂವು ಯುಗಾದಿಯ ಹೊತ್ತಿಗೆ ದೊರೆಯುವದನ್ನು ಬಲ್ಲ ಯಾವ ಗೃಹಿಣಿಗೂ ಇದು ಹೊಸ ಸಂಗತಿಯಲ್ಲ.

ಹಾಗಾದರೆ ಶರತ್ಕಾಲದಲ್ಲಿ ಎಳೆಯರಿಗೆ ಕಲಿಸತಕ್ಕದ್ದು ಏನೂ ಇಲ್ಲವೆ? ಬೇಕಾದಷ್ಟು ಇದೆ, ಕೋಣೆಯಿಂದ ಹೊರಗೆ ಬಂದರೆ ಸಾಕು. ಸೆಪ್ಟೆಂಬರ 22 ಅಥವಾ 23ರಂದು ಹಗಲು ರಾತ್ರಿಗಳು ಹೆಚ್ಚುಕಡಿಮೆ ಸಮನಾಗುವವು. ಆ ದಿನ ಒಂದು ಮೀಟರ್ ಎತ್ತರದ ಕೋಲನ್ನು ಅಂಗಳದಲ್ಲಿ ನೆಟ್ಟು, ಅರ್ಧ ತಾಸಿಗೊಮ್ಮೆ ನೆರಳಿನ ತುದಿಗೆ ಒಂದು ಹರಳನ್ನು ಇಡಲಿಕ್ಕೆ ಮಕ್ಕಳಿಗೆ ಹೇಳಿರಿ. ಹರಳುಗಳು ಪಡುವಣದಿಂದ ಮೂಡಣಕ್ಕೆ ಸರಿಸುಮಾರು ನೇರವಾದ ಗೆರೆಯಲ್ಲಿ ಕೂಡುವವು. ಅತ್ಯಂತ ಗಿಡ್ಡವಾದ ನೆರಳು ಧಾರವಾಡದಲ್ಲಿ ಸುಮಾರು 28 ಸೆಂಟಿಮೀಟರ್. ಅದು ಬೀಳುವದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತರ ಸುಮಾರಿಗೆ. ಇದನ್ನು ಕಂಡರೆ ಮಾಸ್ತರರಿಗೂ ಸೋಜಿಗವಾದೀತು. ಡಿಸೆಂಬರ 22ರ ಹೊತ್ತಿಗೆ ಅದೇ ಕೋಲಿನ ನಡುಹಗಲಿನ ನೆರಳು 80 ಸೆಂಟಿಮೀಟರಿಗೆ ಬೆಳೆದಿರುವದು. ಭೂಮಿಯ ಅಕ್ಷವು ವಾಲಿದೆಯೆಂಬ ಮಾತನ್ನು ಈ ವಯಸ್ಸಿನಲ್ಲಿ ಎತ್ತಲೇಬೇಕಿಲ್ಲ. ನೆರಳು ಬೆಳೆಯಿತು, ಬಿಸಿಲು ತಗ್ಗಿತು ಎಂಬುದನ್ನು ಮಗುವು ತನ್ನ ಕೈಯಿಂದ ಅಳೆದು ತಿಳಿದರೆ ಮುಂದೆ ಅಕ್ಷದ ಮಾತು ಬಂದಾಗ ಅದಕ್ಕೆ ನಿಲ್ಲಲು ನೆಲವಿರುವದು.

ಮಳೆಯ ವಿಷಯವೂ ಹಾಗೆಯೇ. ನೈರುತ್ಯದ ಮಾರುತವು ಸಾಮಾನ್ಯವಾಗಿ ಅಕ್ಟೋಬರದ ನಡುವಿಗೆ ಹಿಂದೆಗೆದು, ಗಾಳಿಯು ಈಶಾನ್ಯಕ್ಕೆ ತಿರುಗುವದು. ಹಸ್ತ, ಚಿತ್ತೆ, ಸ್ವಾತಿ, ವಿಶಾಖೆಯೆಂದು ಮಳೆಗಳ ಹೆಸರುಗಳನ್ನು ಅಜ್ಜನಿಂದ ಕೇಳಿ ಬಂದ ಮಗುವಿಗೆ ಒಂದು ಡಬ್ಬಿಯನ್ನೂ ಅಳತೆಪಟ್ಟಿಯನ್ನೂ ಕೊಟ್ಟರೆ ಯಾವ ಮಳೆ ಎಷ್ಟು ಬಂತೆಂಬ ಲೆಕ್ಕವು ತಾನಾಗಿಯೇ ಹುಟ್ಟುವದು. ಎರೆಯ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆಗಳನ್ನು ಬಿತ್ತುವದೂ ಇದೇ ಕಾಲದಲ್ಲಿ. ಶೀಗೀ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಬಂದ ಮಕ್ಕಳ ಬಟ್ಟೆಗಳಿಗೆ ಉತ್ತರಾಣಿಯ ಬೀಜಗಳು ಅಂಟಿಕೊಂಡಿರುವವು. ತಾಯಂದಿರು ಬಯ್ಯುತ್ತ ಕಿತ್ತೆಸೆಯುವ ಆ ಬೀಜಗಳನ್ನು ಒಂದು ಕಾಗದದ ಮೇಲೆ ಕೂಡಿಸಿ, ಮುಟ್ಟಿದೊಡನೆ ಸಿಡಿಯುವ ಕರ್ಣಕುಂಡಲದ ಕಾಯಿಯನ್ನು ಪಕ್ಕದಲ್ಲಿಟ್ಟರೆ ಬೀಜಪ್ರಸಾರದ ಪಾಠಕ್ಕೆ ಬೇರೆ ಚಿತ್ರಪಟವೇಕೆ?

ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಹುಳುವಿನ ಒಂದು ಜಾತಿಯು ಅಕ್ಟೋಬರದಲ್ಲಿ ದಕ್ಷಿಣ ಭಾರತದಿಂದ ಹೊರಟು, ಮಾಲ್ದೀವುಗಳನ್ನು ಹಾಯ್ದು, ಸಮುದ್ರವನ್ನು ದಾಟಿ ಪೂರ್ವ ಆಫ್ರಿಕವನ್ನು ಸೇರುವದೆಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ನರು 2009ರಲ್ಲಿ ಪ್ರತಿಪಾದಿಸಿದರು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಬಾತುಗಳು ಚಳಿಗಾಲವನ್ನು ಕಳೆಯಲು ಬಂದಿಳಿಯುವವು. 2024ರಲ್ಲಿ ಈ ಕೆರೆಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಯನ್ನು ಸೇರಿತು. ಅದರ ಸುತ್ತಣ ಹಳ್ಳಿಗಳ ಶಾಲೆಗಳಿಗೆ ಮೇಪಲ್ ಎಲೆಯ ಕಾಗದವನ್ನು ಕೊಂಡು ತರುವ ಅಗತ್ಯವೇನೆಂಬುದು ನಮಗೆ ತಿಳಿಯದು.

ಪರದೇಶದ ಸಂಗತಿಯನ್ನು ಮಕ್ಕಳು ಅರಿಯಬಾರದೆಂದು ನಾವು ಹೇಳುತ್ತಿರುವೆವೆಂದು ಯಾರೂ ಭಾವಿಸದಿರಲಿ. ಮೇಪಲ್ ಮರವೂ ಸೊಗಸಾದುದು. ಆದರೆ ಬೇವು ಯಾವಾಗ ಎಲೆಯುದುರಿಸುವದೆಂಬುದನ್ನು ನೋಡಿ ಬರೆದುಕೊಂಡ ಮಗುವೇ, ಮೇಪಲ್ ಬೇರೆ ತಿಂಗಳಲ್ಲಿ ಏಕೆ ಉದುರಿಸುವದೆಂದು ಕೇಳಬಲ್ಲುದು. ಕೇರಳದ ಅನೇಕ ಶಾಲೆಗಳಲ್ಲಿ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮದ ಮೂಲಕ ಮಕ್ಕಳು ಒಂದೊಂದು ಮರವನ್ನು ಆರಿಸಿಕೊಂಡು ಅದರ ಎಲೆ, ಹೂ, ಕಾಯಿಗಳನ್ನು ವಾರಕ್ಕೊಮ್ಮೆ ನೋಡಿ ಬರೆದಿಡುತ್ತ ಬಂದಿರುವರು. ಇದಕ್ಕೆ ತಗಲುವ ವೆಚ್ಚವು ಒಂದು ನೋಟುಬುಕ್ಕು, ಒಂದು ಪೆನ್ಸಿಲು.

ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ನಮ್ಮ ಮಾಸ್ತರರಿಗೆ ಇದು ಅಸಾಧ್ಯವೆಂಬ ವಾದವೂ ನಿಲ್ಲದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿಯು ಶಿಕ್ಷಕರು ತಾವೇ ತಯಾರಿಸಿದ ಸಾಮಗ್ರಿಯಿಂದಲೇ ಬೆಳೆಯಿತು. ಆದುದರಿಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ತಮ್ಮ ತಮ್ಮ ಜಿಲ್ಲೆಯ ಮರ, ಮಳೆ, ಬೆಳೆ, ಹಕ್ಕಿಗಳ ತಿಂಗಳುವಾರು ಪಟ್ಟಿಯೊಂದನ್ನು ಮಾಡಿ ಪ್ರತಿಯೊಂದು ಶಾಲೆಗೂ ಕಳಿಸಬೇಕೆಂದು ಅಧಿಕಾರಿಗಳಲ್ಲಿ ನಮ್ಮ ವಿನಂತಿ. ಕರಾವಳಿಯ ಪಟ್ಟಿಯು ಬಳ್ಳಾರಿಗೆ ಸಲ್ಲದು. ಮಲೆನಾಡಿನದು ವಿಜಯಪುರಕ್ಕೆ ಸಲ್ಲದು.

ಅಲ್ಲಿಯ ವರೆಗೆ ಇನ್ನೊಂದು ಸಣ್ಣ ಕೆಲಸವಾಗಬಹುದು. ಎಲೆ ಉದುರುವ ಋತು ಯಾವುದೆಂಬ ಪ್ರಶ್ನೆಯು ವಾರ್ಷಿಕ ಪರೀಕ್ಷೆಯಲ್ಲಿ ಬರುವದು ಮಾರ್ಚ್ ತಿಂಗಳಲ್ಲಿ, ಅಂಗಳದಲ್ಲಿ ಬೇವಿನ ತರಗೆಲೆ ಬಿದ್ದಿರುವಾಗ. ತಾನು ಕಂಡ ತಿಂಗಳನ್ನೇ ಬರೆದ ಮಗುವಿಗೆ ಪೂರ್ಣ ಗುಣಗಳನ್ನು ಕೊಡಬೇಕೆಂಬ ಸೂಚನೆಯು ಈ ವರ್ಷದ ಪರೀಕ್ಷೆಗಿಂತ ಮೊದಲೇ ಶಾಲೆಗಳನ್ನು ತಲುಪಲಿ.